ಹೊಗೆಗೂಡಿನ ಒಳಗೋಡೆ

ಮಾಟುಂಗದಲ್ಲಿ ನಾಲ್ಕು ದಶಕಗಳಿಂದ ನೆಲೆಸಿರುವ ನಮ್ಮ ಹಿರಿಯ ಮಿತ್ರರೊಬ್ಬರ ಮಗ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಕಳೆದ ವರ್ಷ ಅವನು ಅಲ್ಲಿ ಒಂದು ಹಳೆಯ ಮನೆಯನ್ನು ಕೊಂಡನು. ನೂರು ವರ್ಷ ಮೀರಿದ ಇಟ್ಟಿಗೆಯ ಮನೆ. ಎರಡು ಮಗ್ಗುಲಿನ ಗೋಡೆಗಳನ್ನೂ ನೆರೆಯವರೊಡನೆ ಹಂಚಿಕೊಂಡು ಸಾಲಾಗಿ ನಿಂತ ಮನೆಗಳಲ್ಲೊಂದು. ನಡುಮನೆಯಲ್ಲಿ ಅಗ್ಗಿಷ್ಟಿಕೆ, ಅದರೊಳಗೆ ಸೌದೆ ಉರಿಸುವ ಕಬ್ಬಿಣದ ಒಲೆ. ಚಳಿಗಾಲ ಕಾಲಿಡುವ ಮುನ್ನ ಅವನು ತಂದೆಗೆ ದೂರವಾಣಿಯಲ್ಲಿ ತಿಳಿಸಿದ ಸುದ್ದಿ ಇಷ್ಟು: ಹೊಗೆಗೂಡಿನೊಳಗೆ ಹೊಸ ಕೊಳವೆಯೊಂದನ್ನು ಇಳಿಸಬೇಕಂತೆ, ಅದರ ವೆಚ್ಚ ಒಲೆಯ ಬೆಲೆಗಿಂತಲೂ ಹೆಚ್ಚಂತೆ. ಮಿತ್ರರು ನಮ್ಮಲ್ಲಿಗೆ ಬಂದವರೇ, "ನೂರು ವರ್ಷ ಹೊಗೆ ಉಗುಳಿದ ಗೂಡು ಈಗ ಒಮ್ಮೆಗೇ ಹೇಗೆ ಕೆಟ್ಟಿತು? ಇದು ಹೊಸಬನನ್ನು ಸುಲಿಯುವ ಉಪಾಯವಲ್ಲವೇ?" ಎಂದು ಕೇಳಿದರು.

ನಮಗೂ ಆಗ ಉತ್ತರ ತಿಳಿದಿರಲಿಲ್ಲ. ನಮ್ಮ ತಲೆಮಾರಿನವರಿಗೆ ಚಿಮಣಿಯೆಂದರೆ ಸೀಮೆಎಣ್ಣೆಯ ದೀಪ. ಮುಂಬಯಿಗೆ ಬಂದ ಮೇಲೆ ಪರಳ, ಲಾಲ್‌ಬಾಗ್‌ಗಳಲ್ಲಿ ಕಂಡ ಗಿರಣಿಯ ಹೊಗೆಗೊಳವೆ. ಊರಿನ ಅಡುಗೆಮನೆಯ ಹೊಗೆ ಹೆಂಚಿನ ಸಂದಿಗಳಲ್ಲಿ ತನ್ನ ದಾರಿಯನ್ನು ತಾನೇ ಕಂಡುಕೊಳ್ಳುತ್ತಿತ್ತು. ಹೋಗದೆ ಉಳಿದದ್ದು ತೊಲೆಗಳ ಮೇಲೆ ಇಲ್ಲಣವಾಗಿ ಜೋಲುತ್ತಿತ್ತು. ಹಬ್ಬದ ಮುನ್ನ ಅದನ್ನು ಹೊಡೆದು ಕೆಡಹುವುದೊಂದು ಕೆಲಸವಾಗಿತ್ತು. ಆದರೆ ವರ್ಷದಲ್ಲಿ ಆರು ತಿಂಗಳು ಕದ ಕಿಟಕಿಗಳನ್ನು ಬಿಗಿದು ಬೆಂಕಿಯ ಮುಂದೆ ಕುಳಿತಿರಬೇಕಾದ ನಾಡಿನಲ್ಲಿ ಈ ಧಾರಾಳ ನಡೆಯದು. ಅಲ್ಲಿ ಹೊಗೆಗೆ ಕಟ್ಟಿದ ದಾರಿಯೇ ಬೇಕು. ಆ ದಾರಿ ಬಿರುಕಿಲ್ಲದೆ ಇರಬೇಕು. ಇಂದು ನಮ್ಮ ಓದುಗರಲ್ಲಿ ಅನೇಕರ ಮಕ್ಕಳೂ ಮೊಮ್ಮಕ್ಕಳೂ ಅಂತಹ ನಾಡುಗಳಲ್ಲಿ ಮನೆ ಹೂಡಿದ್ದಾರೆ. ಹಲವರು ತಾವೇ ಹೋಗಿ ಒಂದೆರಡು ಚಳಿಗಾಲಗಳನ್ನು ಕಳೆದು ಬರುತ್ತಾರೆ. ಆದುದರಿಂದ ನಾವು ವಿಚಾರಿಸಿ ತಿಳಿದುದನ್ನು ಅವರ ಮುಂದಿಡುವುದು ಉಚಿತವೆಂದು ತೋರಿತು.

ಸೆಗಣಿಯ ಸಾರಣೆ

ಹೊಗೆಗೂಡು ಕೆಲಸ ಮಾಡುವ ಕ್ರಮ ಸರಳವಾದುದು. ಕಾದ ಗಾಳಿ ತಣ್ಣನೆಯ ಗಾಳಿಗಿಂತ ಹಗುರ; ಅದು ಮೇಲೇರುತ್ತದೆ. ಏರುವಾಗ ತನ್ನ ಬೆನ್ನಿಗೆ ಕೋಣೆಯ ಗಾಳಿಯನ್ನು ಒಲೆಯೊಳಕ್ಕೆ ಸೆಳೆಯುತ್ತದೆ. ಗೂಡು ಎತ್ತರವಾಗಿ, ಬೆಚ್ಚಗೆ, ನುಣುಪಾಗಿ ಇದ್ದಷ್ಟೂ ಸೆಳೆತ ಬಲವಾಗುವುದು. ಗೂಡು ತಣ್ಣಗಾದರೆ ಹೊಗೆ ನಡುದಾರಿಯಲ್ಲೇ ಸೋತು ಕೋಣೆಗೆ ಹಿಂದಿರುಗುವುದು. ಹೊಗೆಯನ್ನು ಮೇಲಕ್ಕೆ ಸಾಗಿಸುವುದು ಗೂಡಿನ ಮೊದಲ ಕರ್ತವ್ಯವಾದರೆ, ಆ ದಾರಿಯುದ್ದಕ್ಕೂ ಶಾಖವನ್ನೂ ವಿಷವಾಯುವನ್ನೂ ಮನೆಯ ಮರಮುಟ್ಟುಗಳಿಗೆ, ಮಲಗಿದ ಮನುಷ್ಯರಿಗೆ ತಾಗದಂತೆ ತಡೆಯುವುದು ಎರಡನೆಯದು. ಈ ಎರಡನೆಯ ಕರ್ತವ್ಯವೆಲ್ಲ ಗೂಡಿನ ಒಳಗೋಡೆಯ ಮೇಲೆ ನಿಂತಿದೆ.

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಗಾರೆಯವನು ಈ ಒಳಗೋಡೆಗೆ ಏನು ಬಳಿಯುತ್ತಿದ್ದನೆಂದು ತಿಳಿದಾಗ ನಮಗೆ ಸೋಜಿಗವಾಯಿತು. ಸುಣ್ಣ, ಮರಳು, ಅದರೊಡನೆ ಹಸುವಿನ ಸೆಗಣಿ! ನಮ್ಮ ಹಳ್ಳಿಯ ನೆಲಕ್ಕೂ ವಿಕ್ಟೋರಿಯಾ ರಾಣಿಯ ಕಾಲದ ಹೊಗೆಗೂಡಿಗೂ ಒಂದೇ ಬಗೆಯ ಸಾರಣೆ. ಸೆಗಣಿಯಲ್ಲಿನ ನಾರು ಗಾರೆಯನ್ನು ಹಿಡಿದಿಟ್ಟು, ಶಾಖಕ್ಕೆ ಬಿರಿಯದಂತೆ ಕಾಯುತ್ತಿತ್ತು. ಆದರೆ ಒಂದು ವ್ಯತ್ಯಾಸವುಂಟು. ನಮ್ಮ ಅಜ್ಜಿಯರು ನೆಲವನ್ನು ಮತ್ತೆ ಮತ್ತೆ ಸಾರಿಸುತ್ತಿದ್ದರು. ಸವೆದುದು ಅವರ ಕಣ್ಣಿಗೆ ಬೀಳುತ್ತಿತ್ತು, ಕೈಗೆ ಎಟುಕುತ್ತಿತ್ತು. ಹೊಗೆಗೂಡಿನ ಒಳಗಾದರೋ ಕಟ್ಟಿದ ದಿನ ಬಳಿದ ಗಾರೆಯನ್ನು ಆಮೇಲೆ ನೋಡಿದವರೇ ವಿರಳ.

ಕೈ ನಿಲುಕದ ಕಡೆಗೆ ಕಂದಮ್ಮಗಳು

ಈ ಕೈ ನಿಲುಕದ ದಾರಿಯನ್ನು ಶುಚಿಗೊಳಿಸುವುದಕ್ಕಾಗಿ ಇಂಗ್ಲೆಂಡ್ ಕೈಗೊಂಡ ಕ್ರಮ ಆ ನಾಡಿನ ಚರಿತ್ರೆಯ ಕಪ್ಪು ಪುಟಗಳಲ್ಲೊಂದು. ಸೌದೆ ದುಬಾರಿಯಾಗಿ ಕಲ್ಲಿದ್ದಲು ಬಳಕೆಗೆ ಬಂದಾಗ ಹಳೆಯ ಅಗಲವಾದ ಗೂಡುಗಳು ಕಿರಿದಾದವು. ಒಂಬತ್ತು ಅಂಗುಲ ಅಗಲ, ಹದಿನಾಲ್ಕು ಅಂಗುಲ ಉದ್ದದ ಕಂಡಿ ಸಾಮಾನ್ಯವಾಯಿತು. ಅದಕ್ಕಿಂತ ಇಕ್ಕಟ್ಟಾದವೂ ಇದ್ದವು. ಇಂತಹ ಕತ್ತಲೆಯ ಕಂಡಿಗಳೊಳಗೆ ಬಡವರ ಮಕ್ಕಳನ್ನು ಹತ್ತಿಸಿ ಮಸಿಯನ್ನು ಕೆರೆಸುತ್ತಿದ್ದರು. ಮೊಣಕಾಲು ಮೊಣಕೈಗಳನ್ನು ಗೋಡೆಗೆ ಒತ್ತಿಕೊಂಡು ಆ ಮಕ್ಕಳು ಮೇಲೇರಬೇಕಾಗಿತ್ತು. 1775ರಲ್ಲಿ ಪರ್ಸಿವಲ್ ಪಾಟ್ ಎಂಬ ಲಂಡನ್ನಿನ ಶಸ್ತ್ರವೈದ್ಯನು ಈ ಕೆಲಸದವರಿಗೆ ವೃಷಣದ ಚರ್ಮದಲ್ಲಿ ಬರುತ್ತಿದ್ದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ಬರೆದನು. ಮನುಷ್ಯನ ಕಸುಬೇ ಅವನಿಗೆ ಕ್ಯಾನ್ಸರನ್ನು ತರಬಲ್ಲುದೆಂದು ವೈದ್ಯಶಾಸ್ತ್ರ ಗುರುತಿಸಿದ ಮೊದಲ ನಿದರ್ಶನವೆಂದು ಇದನ್ನು ಇಂದಿಗೂ ಉದಾಹರಿಸುತ್ತಾರೆ.

1788ರ ಕಾನೂನು ಎಂಟು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಈ ಕೆಲಸಕ್ಕೆ ಇಡಬಾರದೆಂದಿತು. 1840ರ ಕಾನೂನು ಇಪ್ಪತ್ತೊಂದು ವರ್ಷ ತುಂಬದವರು ಗೂಡು ಹತ್ತಲೇಬಾರದೆಂದಿತು. ಅಷ್ಟರಲ್ಲಿ 1828ರಲ್ಲಿಯೇ ಜೋಸೆಫ್ ಗ್ಲಾಸ್ ಎಂಬವನು ಒಂದಕ್ಕೊಂದು ಜೋಡಿಸುವ ಬೆತ್ತಗಳ ತುದಿಗೆ ಕುಂಚ ಕಟ್ಟಿದ ಸಾಧನವನ್ನು ರೂಪಿಸಿದ್ದನು. ಕಾನೂನೂ ಇತ್ತು, ಕುಂಚವೂ ಇತ್ತು. ಆದರೂ ಮಕ್ಕಳು ಹತ್ತುತ್ತಲೇ ಇದ್ದರು. ಅಂಕುಡೊಂಕಾದ ಗೂಡಿಗೆ ಕುಂಚ ಹೋಗದೆಂಬುದೊಂದು ನೆಪ. ಗೂಡನ್ನು ತಿದ್ದಿ ಕಟ್ಟಿಸುವ ಖರ್ಚು ಬೇಡವೆಂಬುದು ನಿಜವಾದ ಕಾರಣ. 1875ರ ಫೆಬ್ರವರಿಯಲ್ಲಿ ಕೇಂಬ್ರಿಜ್ ಸಮೀಪದ ಫುಲ್‌ಬರ್ನ್‌ನಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಹುಡುಗ ಹೊಗೆದಾರಿಯಲ್ಲಿ ಸಿಕ್ಕಿಕೊಂಡನು. ಗೋಡೆಯನ್ನು ಒಡೆದು ಹೊರತೆಗೆದರೂ ಅವನು ಬದುಕಲಿಲ್ಲ. ಲಾರ್ಡ್ ಶಾಫ್ಟ್ಸ್‌ಬರಿಯ ಪ್ರಯತ್ನದಿಂದ ಅದೇ ವರ್ಷ ಬಂದ ಕಾನೂನು, ಈ ಕಸುಬಿನವರು ಪೊಲೀಸರಿಂದ ವರ್ಷ ವರ್ಷವೂ ಪರವಾನಗಿ ಪಡೆಯಬೇಕೆಂದು ವಿಧಿಸಿತು. ಮಕ್ಕಳನ್ನು ಹತ್ತಿಸುವ ಪದ್ಧತಿ ಆಮೇಲೆ ಕೊನೆಗಂಡಿತು.

ಇದನ್ನು ಕೇಳಿ ನಮ್ಮ ಮಿತ್ರರು ಬಹಳ ಹೊತ್ತು ಸುಮ್ಮನಿದ್ದರು. ಅವರ ಮಗ ಕೊಂಡ ಮನೆಯಂತಹ ಹಳೆಯ ಮನೆಗಳು ಆ ಕಾಲದ ಬಳುವಳಿಗಳೇ ಸರಿ.

ಬೆಂಕಿ ಬದಲಾಯಿತು, ಗೂಡು ಬದಲಾಗಲಿಲ್ಲ

ಇನ್ನು ಮಿತ್ರರ ಪ್ರಶ್ನೆಗೆ ಬರೋಣ. ನೂರು ವರ್ಷ ನಡೆದ ಗೂಡು ಈಗೇಕೆ ನಡೆಯದು?

ಮೊದಲನೆಯ ಕಾರಣ, ಅದು ಈ ನೂರು ವರ್ಷಗಳಲ್ಲಿ ಸವೆದಿದೆ. ಕಲ್ಲಿದ್ದಲಿನಲ್ಲಿ ಗಂಧಕವಿರುವುದು. ಅದರ ಹೊಗೆಗೆ ನೀರಿನ ಪಸೆ ಕೂಡಿದರೆ ಆಮ್ಲವಾಗಿ, ಸುಣ್ಣದ ಗಾರೆಯನ್ನು ವರ್ಷದಿಂದ ವರ್ಷಕ್ಕೆ ತಿಂದುಹಾಕುವುದು. ಮೇಲಿನಿಂದ ಮಳೆ ನೀರು ಇಟ್ಟಿಗೆಯ ಸಂದುಗಳಿಗೆ ಇಳಿಯುವುದು. ನೀರು ಹೆಪ್ಪುಗಟ್ಟುವಾಗ ತನ್ನ ಗಾತ್ರದ ಶೇಕಡ ಒಂಬತ್ತರಷ್ಟು ಹಿಗ್ಗುತ್ತದೆ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಈ ಆಟ ನೂರು ಚಳಿಗಾಲ ನಡೆದರೆ ಎಂತಹ ಇಟ್ಟಿಗೆಯೂ ಪುಡಿಯಾಗದೆ ಇರದು. ಗೂಡಿನ ಹೊರಮೈಯ ಸಂದುಗಳನ್ನು ಗಟ್ಟಿ ಸಿಮೆಂಟಿನಿಂದ ಮೆತ್ತಿದರೆ ಒಳಗೆ ಸೇರಿದ ನೀರು ಹೊರಬರಲಾರದೆ ಕೇಡು ಇಮ್ಮಡಿಸುತ್ತದೆಂದೂ, ಹಳೆಯ ಇಟ್ಟಿಗೆಗೆ ಸುಣ್ಣದ ಗಾರೆಯೇ ಹಿತವೆಂದೂ ಬಲ್ಲವರು ಹೇಳುತ್ತಾರೆ.

ಎರಡನೆಯ ಕಾರಣ ಇದಕ್ಕಿಂತ ಮುಖ್ಯವಾದುದು. ಆ ಗೂಡನ್ನು ಕಟ್ಟಿದ್ದು ತೆರೆದ ಕಲ್ಲಿದ್ದಲ ಬೆಂಕಿಗಾಗಿ. ತೆರೆದ ಬೆಂಕಿ ಶಾಖದ ಬಹುಪಾಲನ್ನು ಆಕಾಶಕ್ಕೆ ಒಪ್ಪಿಸುವ ದುಂದುಗಾರ. ಆದರೆ ಆ ದುಂದಿನಿಂದಲೇ ಗೂಡು ಬಿಸಿಯಾಗಿ, ಒಣಗಿ ಇರುತ್ತಿತ್ತು. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ನಗರವನ್ನು ಮುಸುಕಿದ ಹೊಗೆಮಂಜಿನಲ್ಲಿ ಸುಮಾರು ನಾಲ್ಕು ಸಾವಿರ ಜನ ಸತ್ತರೆಂದು ಆಗ ಲೆಕ್ಕ ಹಾಕಿದರು. ತರುವಾಯದ ವಿದ್ವಾಂಸರು ಆ ಸಂಖ್ಯೆ ಹನ್ನೆರಡು ಸಾವಿರದವರೆಗೂ ಇದ್ದಿರಬಹುದೆಂದಿದ್ದಾರೆ. 1956ರಲ್ಲಿ ಶುದ್ಧ ಗಾಳಿಯ ಕಾಯಿದೆ ಬಂತು. ಮನೆಗಳು ಕಲ್ಲಿದ್ದಲನ್ನು ಬಿಟ್ಟು ಅನಿಲಕ್ಕೆ ತಿರುಗಿದವು. ಅನಿಲದ ಹೊಗೆ ಕಣ್ಣಿಗೆ ಕಾಣದು, ಆದರೆ ಅದರಲ್ಲಿ ನೀರಾವಿ ಹೇರಳ. ತಣ್ಣನೆಯ ಅಗಲ ಗೂಡಿನಲ್ಲಿ ಆ ಆವಿ ಹನಿಗಟ್ಟಿ ಗೋಡೆಗಳಲ್ಲಿ ಇಳಿಯತೊಡಗಿತು. ಹಳೆಯ ಮಸಿಯನ್ನು ಕರಗಿಸಿಕೊಂಡು ಮಲಗುವ ಕೋಣೆಗಳ ಗೋಡೆಗಳಲ್ಲಿ ಕಂದು ಕಲೆಗಳಾಗಿ ಮೂಡಿತು. 1965ರ ಕಟ್ಟಡ ನಿಯಮಗಳು ಹೊಸ ಮನೆಗಳ ಹೊಗೆಗೂಡಿಗೆ ಒಳಪದರವನ್ನು ಕಡ್ಡಾಯ ಮಾಡಿದವು. ಅದಕ್ಕೆ ಹಿಂದೆ ಕಟ್ಟಿದ ಮನೆಗಳು ಮಾತ್ರ ಇದ್ದಂತೆಯೇ ಉಳಿದವು.

ಅನಂತರ ಸೌದೆಯ ಒಲೆ ಮರಳಿ ಬಂದಿತು. ಬಾಗಿಲು ಮುಚ್ಚಿ ಉರಿಸುವ ಈ ಕಬ್ಬಿಣದ ಒಲೆ ಶಾಖವನ್ನು ಕೋಣೆಯಲ್ಲಿಯೇ ಉಳಿಸಿಕೊಂಡು ಸ್ವಲ್ಪವೇ ಹೊಗೆಯನ್ನು ಮೇಲಕ್ಕೆ ಬಿಡುತ್ತದೆ. ಮನೆಗೆ ಅದು ಲಾಭ, ಗೂಡಿಗೆ ಅದು ಕಂಟಕ. ಆಗತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅಂತಹ ಹಸಿ ಸೌದೆಯನ್ನು ಗಾಳಿ ಬಿಗಿಹಿಡಿದು ರಾತ್ರಿಯಿಡೀ ಹೊಗೆಯಾಡಿಸಿದರೆ ಹೊಗೆಯಲ್ಲಿನ ಎಣ್ಣೆಯ ಅಂಶ ತಣ್ಣನೆಯ ಒಳಗೋಡೆಗೆ ತಗುಲಿ ಜಿಗಟಾಗುತ್ತದೆ. ಇದನ್ನು ಕ್ರಿಯೊಸೋಟ್ ಎನ್ನುತ್ತಾರೆ. ಮೊದಲು ಪುಡಿಮಸಿ, ಆಮೇಲೆ ಹೊಪ್ಪಳೆ, ಕೊನೆಗೆ ಕರಿಯ ಗಾಜಿನಂತಹ ಗಟ್ಟಿ ಪದರ. ನಮ್ಮ ಇಲ್ಲಣಕ್ಕೆ ಇದು ದಾಯಾದಿಯಾದರೂ ಸ್ವಭಾವ ಬಲು ಕ್ರೂರ: ಇದು ಸ್ವತಃ ಉರಿಯುವ ವಸ್ತು. ಒಂದು ಕಿಡಿ ತಾಗಿದರೆ ಗೂಡೇ ಕುಲುಮೆಯಾಗಿ, ಒಳಗಿನ ಶಾಖ ಸಾವಿರ ಡಿಗ್ರಿ ಸೆಲ್ಸಿಯಸನ್ನು ಮೀರಬಲ್ಲುದು. ರೈಲು ಹಾದುಹೋದಂತಹ ಮೊರೆತ ಕೇಳಿಸುವುದೆಂದು ಕಂಡವರು ವರ್ಣಿಸುತ್ತಾರೆ. ಗಾರೆ ಉದುರಿದ ಒಂದು ಸಂದು ಅಲ್ಲಿದ್ದು, ಅದರಾಚೆಗೆ ಅಟ್ಟದ ತೊಲೆಯೊಂದು ತಾಗಿಕೊಂಡಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ಹೊಸ ಒಳಗೊಳವೆ

ಗೂಡಿಗೆ ಹೊಸ ಒಳಮೈ ಕೊಡುವ ಬಗೆಗಳು ಮುಖ್ಯವಾಗಿ ಮೂರು. ಮೊದಲನೆಯದು ಸುಟ್ಟ ಮಣ್ಣಿನ, ಇಲ್ಲವೆ ಹಗುರವಾದ ಅಗ್ನಿಪರ್ವತದ ಕಲ್ಲಿನ ಪುಡಿಯ ಕಾಂಕ್ರೀಟಿನ ಕೊಳವೆಗಳನ್ನು ಒಂದರ ಮೇಲೊಂದು ಕೂಡಿಸುವುದು. ಇದು ಬಹುಕಾಲ ಬಾಳುವುದು. ಆದರೆ ಹಳೆಯ ಮನೆಯಲ್ಲಿ ಅಲ್ಲಲ್ಲಿ ಗೋಡೆಯನ್ನು ಒಡೆದು ಕೂಡಿಸಬೇಕಾಗುವುದು. ಈ ಕೊಳವೆಗಳ ಅಗಲ ಬಾಯಿ ಯಾವಾಗಲೂ ಮೇಲ್ಮುಖವಾಗಿಯೇ ಇರಬೇಕು. ಆಗ ಗೋಡೆಯಲ್ಲಿ ಇಳಿಯುವ ಹನಿ ಕೊಳವೆಯೊಳಗೇ ಉಳಿಯುತ್ತದೆ. ತಲೆಕೆಳಗಾಗಿ ಕೂಡಿಸಿದರೆ ಪ್ರತಿ ಸಂದಿನಲ್ಲೂ ಹೊರಕ್ಕೆ ಸೋರುತ್ತದೆ. ಕೆಲಸಗಾರನ ಒಂದು ಗಳಿಗೆಯ ಅಲಕ್ಷ್ಯ ಮನೆಯವರಿಗೆ ಜೀವಮಾನದ ತೊಂದರೆಯಾಗುವುದು ಹೀಗೆ.

ಎರಡನೆಯದು ಜಾಣತನದ ವಿಧಾನ. ಉದ್ದನೆಯ ರಬ್ಬರಿನ ಚೀಲವೊಂದನ್ನು ಗೂಡಿನೊಳಗೆ ಇಳಿಸಿ ಗಾಳಿ ತುಂಬಿ ಉಬ್ಬಿಸುತ್ತಾರೆ. ಅದರ ಸುತ್ತ ಶಾಖ ತಡೆಯುವ ತೆಳುವಾದ ಕಾಂಕ್ರೀಟನ್ನು ಹೊಯ್ಯುತ್ತಾರೆ. ಅದು ಗಟ್ಟಿಯಾದ ಮೇಲೆ ಗಾಳಿ ಬಿಟ್ಟು ಚೀಲವನ್ನು ಎಳೆದುಕೊಂಡರೆ ನುಣುಪಾದ ದುಂಡು ದಾರಿ ಉಳಿಯುತ್ತದೆ. ಡೊಂಕಾದ ಹಳೆಯ ಗೂಡಿಗೂ ಇದು ಒಗ್ಗುವುದು; ಆದರೆ ಮತ್ತೆ ತೆಗೆಯಬೇಕೆಂದರೆ ಸುಲಭವಲ್ಲ.

ಮೂರನೆಯದು ಇಂದು ಹೆಚ್ಚು ರೂಢಿಯಲ್ಲಿರುವ ತುಕ್ಕು ಹಿಡಿಯದ ಉಕ್ಕಿನ ಬಳುಕುವ ಕೊಳವೆ. ಸೌದೆಗೂ ಕಲ್ಲಿದ್ದಲಿಗೂ ಎರಡು ಪದರದ್ದೇ ಆಗಬೇಕು. ಒಂದು ಪದರದ್ದು ಅನಿಲಕ್ಕೆ ಮಾತ್ರ. ಉಕ್ಕಿನಲ್ಲಿಯೂ 316 ಮತ್ತು 904 ಎಂಬ ದರ್ಜೆಗಳಿದ್ದು, ಆಮ್ಲವನ್ನು ತಾಳುವ ಶಕ್ತಿ ಎರಡನೆಯದಕ್ಕೆ ಹೆಚ್ಚು. ಸಾಮಾನ್ಯ ಮನೆಯ ಒಲೆಗೆ 150 ಮಿಲಿಮೀಟರು ವ್ಯಾಸದ ಕೊಳವೆ ವಾಡಿಕೆ. ಗೂಡಿನ ತಲೆಯಿಂದ ಹಗ್ಗ ಕಟ್ಟಿ ಇದನ್ನು ಇಳಿಸಿ, ಬುಡದಲ್ಲಿ ಒಲೆಗೆ ಜೋಡಿಸಿ, ಮೇಲೆ ಮಳೆಯೂ ಹಕ್ಕಿಯೂ ಹೊಗದಂತೆ ಟೋಪಿ ತೊಡಿಸುತ್ತಾರೆ. ಕೊಳವೆಗೂ ಇಟ್ಟಿಗೆಗೂ ನಡುವಿನ ತೆರಪಿನಲ್ಲಿ ವರ್ಮಿಕ್ಯುಲೈಟಿನಂತಹ ಶಾಖರೋಧಕ ಹರಳುಗಳನ್ನು ತುಂಬಿದರೆ ಕೊಳವೆ ಬೆಚ್ಚಗಿದ್ದು ಸೆಳೆತ ಚೆನ್ನಾಗಿರುವುದು, ಜಿಗಟೂ ಕಡಿಮೆ ಕಟ್ಟುವುದು. ಇಂಗ್ಲೆಂಡಿನಲ್ಲಿ ಈ ಕೆಲಸವನ್ನು ಹೆಟಾಸ್ ಮುಂತಾದ ಯೋಜನೆಗಳಲ್ಲಿ ನೋಂದಾಯಿತರಾದವರಿಂದ ಮಾಡಿಸಬೇಕು. ಇಲ್ಲವಾದರೆ ಸ್ಥಳೀಯ ಕೌನ್ಸಿಲಿಗೆ ಮೊದಲೇ ತಿಳಿಸಿ ಪರೀಕ್ಷೆಗೆ ಒಳಪಡಿಸಬೇಕು.

ವರ್ಷದ ಆರೈಕೆ

ಕೊಳವೆ ಇಳಿಸಿದ ಮಾತ್ರಕ್ಕೆ ಮನೆಯೊಡೆಯನ ಕರ್ತವ್ಯ ಮುಗಿಯದು. ಸೌದೆ ಉರಿಸುವವರು ಬೆಂಕಿಯ ಕಾಲದಲ್ಲಿ ಮೂರು ತಿಂಗಳಿಗೊಮ್ಮೆಯೂ, ಹೊಗೆಯಿಲ್ಲದ ಇಂಧನವನ್ನೋ ಅನಿಲವನ್ನೋ ಬಳಸುವವರು ವರ್ಷಕ್ಕೊಮ್ಮೆಯಾದರೂ ಗೂಡನ್ನು ಗುಡಿಸಿಸಬೇಕೆಂದು ಬ್ರಿಟನ್ನಿನ ಕಸುಬುದಾರರ ಸಲಹೆ. ಗುಡಿಸಿದವನು ಕೊಡುವ ಪ್ರಮಾಣಪತ್ರವನ್ನು ಕಾದಿರಿಸಿಕೊಳ್ಳಬೇಕು. ಬೆಂಕಿ ಅನಾಹುತವಾದರೆ ವಿಮೆಯವರು ಅದನ್ನು ಕೇಳುವುದುಂಟು. ಜರ್ಮನಿಯಲ್ಲಿ ಇದನ್ನು ಮನೆಯೊಡೆಯನ ಮರ್ಜಿಗೆ ಬಿಟ್ಟಿಲ್ಲ. ಅಲ್ಲಿ ಪ್ರತಿಯೊಂದು ವಲಯಕ್ಕೂ ನೇಮಕಗೊಂಡ ಹೊಗೆಗೂಡಿನ ಅಧಿಕಾರಿ ಏಳು ವರ್ಷಗಳಲ್ಲಿ ಎರಡು ಬಾರಿ ಮನೆಯ ಒಲೆ ಗೂಡುಗಳನ್ನು ಪರೀಕ್ಷಿಸುತ್ತಾನೆ. ಕರಿಯ ಉಡುಪಿನ ಈ ಕಸುಬುದಾರ ಎದುರಾದರೆ ಶುಭಶಕುನವೆಂದು ಅಲ್ಲಿಯವರು ನಂಬುತ್ತಾರೆ. ಅಮೆರಿಕೆಯ ಅಗ್ನಿರಕ್ಷಣಾ ನಿಯಮಾವಳಿಯೂ ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕೆನ್ನುತ್ತದೆ.

ಸೌದೆಯನ್ನು ಒಣಗಿಸಿ ಉರಿಸುವುದು ಗೂಡಿಗೆ ಮಾಡುವ ದೊಡ್ಡ ಉಪಕಾರ. ಇಂಗ್ಲೆಂಡಿನಲ್ಲಿ 2021ರಿಂದ ಸಣ್ಣ ಪ್ರಮಾಣದಲ್ಲಿ ಮಾರುವ ಸೌದೆಯ ತೇವ ಶೇಕಡ ಇಪ್ಪತ್ತನ್ನು ಮೀರಬಾರದೆಂಬ ಕಟ್ಟಳೆ ಇದೆ. ವಸಂತದಲ್ಲಿ ಕಾಗೆಯ ಕುಲದ ಜ್ಯಾಕ್‌ಡಾ ಎಂಬ ಹಕ್ಕಿ ಗೂಡಿನ ಬಾಯಲ್ಲಿ ಕಡ್ಡಿ ತುರುಕಿ ತನ್ನ ಗೂಡು ಕಟ್ಟುವುದು. ಮರಿಗಳಿರುವಾಗ ಅದನ್ನು ಕೀಳಲು ಕಾನೂನು ಬಿಡದು. ಆದುದರಿಂದ ಮೊದಲೇ ಜಾಲರಿ ಹಾಕಿಸುವುದು ಲೇಸು. ಗೂಡಿನಲ್ಲಿ ಬೆಂಕಿ ಹತ್ತಿತೆಂಬ ಸಂಶಯ ಬಂದರೆ ಒಲೆಯ ಗಾಳಿಯ ದಾರಿಗಳನ್ನು ಮುಚ್ಚಿ, ಎಲ್ಲರನ್ನೂ ಹೊರಗೆ ಕಳಿಸಿ, ಅಗ್ನಿಶಾಮಕ ದಳವನ್ನು ಕರೆಯಬೇಕು. ತಾವೇ ನೀರು ಸುರಿಯಹೋಗಬಾರದು. ಕಾದ ಕೊಳವೆ ಸೀಳಿಹೋಗುವುದು.

ಕಾಣದ ಶತ್ರು

ಬೆಂಕಿಯಿಲ್ಲದೆ ಹೊಗೆಯಾಡದೆಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಆದರೆ ಹೊಗೆಯೇ ಕಾಣದ ಬೆಂಕಿಯೂ ಕೊಲ್ಲಬಲ್ಲುದು. ಗಾಳಿ ಸಾಲದೆ ಅರೆಬರೆ ಉರಿದ ಸೌದೆ, ಕಲ್ಲಿದ್ದಲು, ಅನಿಲ ಯಾವುದೇ ಇರಲಿ ಕಾರ್ಬನ್ ಮಾನಾಕ್ಸೈಡನ್ನು ಹೊರಸೂಸುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತ ಪ್ರಾಣವಾಯುವಿಗಿಂತ ಇನ್ನೂರು ಪಟ್ಟಿಗೂ ಮೀರಿದ ಬಲದಿಂದ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ಓಕರಿಕೆ, ತೂಕಡಿಕೆ. ಮನೆಯಿಂದ ಹೊರಗೆ ಹೋದರೆ ಗುಣ, ಒಳಗೆ ಬಂದರೆ ಮತ್ತೆ ಅದೇ. ಇದನ್ನು ನೆಗಡಿಜ್ವರವೆಂದು ತಿಳಿದು ಹೊದ್ದು ಮಲಗಿದವರು ಏಳದೆ ಹೋದ ಉದಾಹರಣೆಗಳುಂಟು. ಈ ಅನಿಲವನ್ನು ಕಂಡು ಕೂಗುವ ಚಿಕ್ಕ ಯಂತ್ರ ಈಗ ಅಂಗಡಿಗಳಲ್ಲಿ ದೊರೆಯುತ್ತದೆ. ಒಲೆಯಿರುವ ಕೋಣೆಯಲ್ಲಿ ಅದಿಲ್ಲದೆ ಮಲಗಬಾರದು.

ಇದು ಶೀತ ದೇಶದವರ ಕಷ್ಟ, ನಮಗೇನೆಂದು ಓದುಗರು ಪುಟ ಮಗುಚಬಾರದು. ದೆಹಲಿಯ ಚಳಿಯಲ್ಲಿ ಮುಚ್ಚಿದ ಕೋಣೆಯೊಳಗೆ ಅಂಗೀಠಿಯಿಟ್ಟುಕೊಂಡು ಮಲಗಿದ ಬಡವರು ಸತ್ತ ಸುದ್ದಿಯನ್ನು ಚಳಿಗಾಲದ ಪತ್ರಿಕೆಗಳಲ್ಲಿ ಓದುತ್ತೇವೆ. ಮುಂಬಯಿ, ಪುಣೆಗಳ ಕಿಟಕಿಯಿಲ್ಲದ ಬಚ್ಚಲುಮನೆಗಳಲ್ಲಿ ಅನಿಲದ ಗೀಸರು ಉರಿಸಿ ಸ್ನಾನಕ್ಕೆ ಹೋದವರು ಹೊರಬರದ ಸುದ್ದಿಗಳೂ ಬಂದಿವೆ. ಕೊಂದದ್ದು ಅದೇ ವಾಯು. ಇಲ್ಲದಿದ್ದುದು ಅದೇ ಹೊರದಾರಿ.

ಇನ್ನು ಶೆಫೀಲ್ಡಿನ ಮನೆಯ ಕಥೆ. ಮಗ ತಂದೆಗೆ ಮೊದಲ ದಿನ ಹೇಳದೆ ಉಳಿಸಿದ ಒಂದು ಸಂಗತಿ ಆಮೇಲೆ ಹೊರಬಿತ್ತು. ಕೆಲಸದವನು ಹಳೆಯ ಗೂಡಿನ ಬಾಯಿ ಮುಚ್ಚಿ, ಬುಡದಲ್ಲಿ ಹೊಗೆಯ ಗುಳಿಗೆಯೊಂದನ್ನು ಹೊತ್ತಿಸಿ ಪರೀಕ್ಷೆ ಮಾಡಿದನಂತೆ. ಇಂತಹ ಸಾಲುಮನೆಗಳಲ್ಲಿ ಎರಡು ಮನೆಗಳ ಹೊಗೆದಾರಿಗಳು ಒಂದೇ ಕಂಬದಲ್ಲಿ ಮಗ್ಗುಲಾಗಿ ಏರುತ್ತವೆ. ನಡುವೆ ಒಂದೇ ಇಟ್ಟಿಗೆಯ ಅಡ್ಡಗೋಡೆ, ನಾಲ್ಕೂವರೆ ಅಂಗುಲ. ಗುಳಿಗೆಯ ಹೊಗೆ ಇವನ ಮನೆಯಲ್ಲಿ ಎಲ್ಲಿಯೂ ಕಾಣಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಪಕ್ಕದ ಮನೆಯಾಕೆ ಬಾಗಿಲು ತಟ್ಟಿದಳು. ಆಕೆಯ ಮಹಡಿಯ ಕೋಣೆಯ ಹಳೆಯ ಅಗ್ಗಿಷ್ಟಿಕೆಯಿಂದ ಹೊಗೆ ಬರುತ್ತಿತ್ತು. ಅಲ್ಲಿ ತೊಟ್ಟಿಲಿತ್ತು.

ಮಿತ್ರರು ಇದನ್ನು ನಮಗೆ ಹೇಳಿ, "ಖರ್ಚಿನ ಮಾತನ್ನು ನಾನು ಮತ್ತೆ ಎತ್ತಲಿಲ್ಲ" ಎಂದರು. ಕೊಳವೆ ಇಳಿಸಿ, ಪ್ರಮಾಣಪತ್ರ ಕೈಸೇರಿದ ಮೇಲೆಯೇ ಮಗ ಒಲೆ ಹೊತ್ತಿಸಿದನಂತೆ. ಬರುವ ಡಿಸೆಂಬರಿನಲ್ಲಿ ಮಿತ್ರರು ಅಲ್ಲಿಗೆ ಹೊರಟಿದ್ದಾರೆ. ಶೆಫೀಲ್ಡಿನಲ್ಲಿಯೂ ಸಿಗುವುದಾದರೂ ನಿಶ್ಚಿಂತೆಗೆಂದು ಇಲ್ಲಿಂದಲೇ ಕಾರ್ಬನ್ ಮಾನಾಕ್ಸೈಡಿನ ಯಂತ್ರಗಳೆರಡನ್ನು ಕೊಂಡಿದ್ದಾರೆ. ಒಂದು ಮಗನ ಮನೆಗೆ, ಇನ್ನೊಂದು ತೊಟ್ಟಿಲಿನ ಮನೆಗೆ.